ಉದ್ದ ಕೊರಡಿನ ಒಲೆ

ಒಲೆ ಹಚ್ಚುವುದನ್ನು ಹೆಂಗಸರಿಗೆ ಕಲಿಸಲು ಹೊರಟ ಗಂಡಸು ನಾನು. ಈ ಸುದ್ದಿ ಹೇಳಿದ ದಿನ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಬಾಯಿಗೆ ಸೆರಗು ಹಿಡಿದು ನಕ್ಕಳು. "ಮನ್ಯಾಗ ಒಂದ್ ಸಲಾನೂ ಚಹಾಕ್ಕ ನೀರ್ ಇಟ್ಟಿಲ್ಲ. ಊರ ಮಂದಿಗೆ ಒಲಿ ಕಲಸ್ತಾರಂತ!" ಎಂದಳು. ನನಗೆ ಸಿಟ್ಟು ಬಂತು. ದಾಂಡೇಲಿಯಲ್ಲಿ ಕಾರ್ಖಾನೆಯ ಬಾಯ್ಲರ್ ಮನೆಯ ಫೋರ್‌ಮನ್ ಆಗಿದ್ದವನು ನಾನು. ಬೆಂಕಿಯ ಬಣ್ಣ ನೋಡಿ ಗಾಳಿ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುತ್ತಿದ್ದೆ. ದೂರದಿಂದ ಚಿಮಣಿಯ ಹೊಗೆ ನೋಡಿ, ಇವತ್ತು ಪಾಳಿಯಲ್ಲಿರುವವನು ಯಾರು ಎಂದು ಹೇಳುತ್ತಿದ್ದೆ. ಇಂಥವನಿಗೆ ಮೊಣಕಾಲೆತ್ತರದ ಮಣ್ಣಿನ ಒಲೆ ಯಾವ ಲೆಕ್ಕ?

ಎಂಬತ್ತರ ದಶಕದ ನಡುವಿನ ಮಾತು ಇದು. ಹೊಗೆ ಇಲ್ಲದ ಒಲೆಗಳ ಯೋಜನೆ ಹಳ್ಳಿಗಳಿಗೆ ಬಂದಿತ್ತು. ಅಡುಗೆಮನೆಯ ಹೊಗೆ ಕೊಳವೆಯಲ್ಲಿ ಹೊರಗೆ ಹೋಗಬೇಕು, ಉರಿಸುವ ಕಟ್ಟಿಗೆ ಅರ್ಧಕ್ಕೆ ಇಳಿಯಬೇಕು, ಕಾಡು ಉಳಿಯಬೇಕು ಎಂಬುದು ಅದರ ಉದ್ದೇಶ. ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಕೆಲಸ ವಹಿಸಿಕೊಂಡಿದ್ದ ಒಂದು ಸಂಸ್ಥೆಯವರು ನನ್ನನ್ನು ಸಲಹೆಗಾರ ಎಂದು ಕರೆದರು. ಗೌಂಡಿಗಳಿಗೆ ಒಲೆ ಕಟ್ಟಲು ಕಲಿಸುವುದು, ಕಟ್ಟಿದ್ದನ್ನು ಪರೀಕ್ಷೆ ಮಾಡುವುದು, ಕೆಟ್ಟಿದ್ದನ್ನು ಸರಿಪಡಿಸುವುದು ನನ್ನ ಕೆಲಸ. ನನಗೆ ಜೊತೆಯಾಗಿ ಹಳಿಯಾಳದ ಒಬ್ಬ ಗೌಂಡಿಯನ್ನು ಕೊಟ್ಟರು. ಕೈ ಬಹಳ ಚೊಕ್ಕ, ಬಾಯಿ ಅದಕ್ಕಿಂತ ಚುರುಕು.

ಮೊದಲ ಒಲೆಯನ್ನು ಹಳಿಯಾಳದಲ್ಲಿ ಸಂಸ್ಥೆಯ ಶೆಡ್ಡಿನಲ್ಲೇ ಕಟ್ಟಿದೆವು. ಗಡಿಗೆ ಕೂರಿಸಲು ಎರಡು ಬಾಯಿ, ಒಳಗೆ ಕಬ್ಬಿಣದ ಜಾಲರಿ, ಜಾಲರಿಯ ಕೆಳಗೆ ಬೂದಿಯ ಗೂಡು, ಹಿಂದೆ ಹೊಗೆಯ ಕೊಳವೆ, ಕೊಳವೆಗೆ ಒಂದು ಡ್ಯಾಂಪರ್. ಡ್ಯಾಂಪರ್ ಎಂದರೆ ಹೊಗೆಯ ದಾರಿಯನ್ನು ಹೆಚ್ಚು ಕಡಿಮೆ ಮಾಡುವ ತಗಡಿನ ಬಾಗಿಲು. ಕಟ್ಟಿಗೆಯ ಡಿಪೋದಿಂದ ಒಣ ಕಟ್ಟಿಗೆ ತರಿಸಿ, ಹೆಬ್ಬೆರಳು ದಪ್ಪ, ಗೇಣುದ್ದಕ್ಕೆ ಸೀಳಿಸಿದೆ. ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿದೆ. ಐದು ಲೀಟರ್ ನೀರಿಟ್ಟು ಥರ್ಮಾಮೀಟರ್ ಇಳಿಬಿಟ್ಟೆ. ಸಂಸ್ಥೆಯ ಸಾಹೇಬರು ಕಪ್ಪಿನಲ್ಲಿದ್ದ ಚಹಾ ಮುಗಿಸುವಷ್ಟರಲ್ಲಿ ನೀರು ಕೊತಕೊತ ಕುದಿಯಿತು. ಹೊಗೆ ಎಂಬುದು ಶೆಡ್ಡಿನೊಳಗೆ ಹೆಸರಿಗೂ ಇಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿದರು. ನಾನು ಮೀಸೆ ತಿರುವಲಿಲ್ಲ ಅಷ್ಟೆ.

ದಸರೆ ಮುಗಿದ ಕೂಡಲೇ ನಾನೂ ಗೌಂಡಿಯೂ ಕಾಡಂಚಿನ ಒಂದು ಸಿದ್ದಿ ಹಳ್ಳಿಗೆ ಹೋದೆವು. ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ಕೆಂಪು ಬಸ್ಸಿನಲ್ಲಿ ಕೂತು, ಒಂದು ತಿರುವಿನಲ್ಲಿ ಇಳಿದು, ಸಾಗವಾನಿ ನಡುವೆ ಮುಕ್ಕಾಲು ತಾಸು ನಡೆಯಬೇಕು. ಹತ್ತು ಹನ್ನೆರಡು ಮನೆ. ಬಿದಿರು ಹೆಣೆದು ಮಣ್ಣು ಮೆತ್ತಿದ ಗೋಡೆ, ಮೇಲೆ ಹುಲ್ಲು. ಮೊದಲ ಮನೆಯ ಗೋಡೆಯ ಮೇಲೆ ಒಂದು ಮರದ ಶಿಲುಬೆ, ಅದರ ಕೆಳಗೆ ಮೂರು ಕಲ್ಲಿನ ಒಲೆ. ಆ ಮನೆಯ ಯಜಮಾನ ದಾಂಡೇಲಿಯಲ್ಲಿ ಮರದ ದಿಮ್ಮಿ ಹೇರುವ ಕೆಲಸದವನು, ಭಾನುವಾರಕ್ಕೊಮ್ಮೆ ಬರುತ್ತಿದ್ದ. ಮನೆ ನಡೆಸುವವಳು ಅವನ ಹೆಂಡತಿ. ಮೂವತ್ತರ ಆಚೀಚೆ ವಯಸ್ಸು, ನೇರ ನೋಟ, ಕಡಿಮೆ ಮಾತು. ಆಕೆಯ ಅತ್ತೆಯನ್ನು ಊರೆಲ್ಲ ಮಾಯಿ ಎಂದು ಕರೆಯುತ್ತಿತ್ತು. ಮಾಯಿಗೆ ದಮ್ಮಿನ ಕಾಯಿಲೆ. ನಾಲ್ಕು ಹೆಜ್ಜೆ ನಡೆದರೆ ಕಂಬ ಹಿಡಿದು ನಿಲ್ಲುತ್ತಿದ್ದಳು.

ಎಲ್ಲರ ಮನೆಯಲ್ಲೂ ಒಲೆ ಬೇಡ ಎನ್ನುವವರೇ. ಈ ಸೊಸೆ ಮಾತ್ರ ತಾನಾಗಿಯೇ ಕೇಳಿದಳು.

"ಹೊಗಿ ಹೊರಗ ಹೋಗೂದು ಖರೇನ್ರಿ?"

"ಖರೇನ ತಂಗಿ. ಒಂದ್ ಎಳಿನೂ ಒಳಗ ನಿಲ್ಲೂದಿಲ್ಲ."

"ಹಂಗಾದ್ರ ಮೊದಲ ನಮ್ಮ ಮನ್ಯಾಗ ಕಟ್ರಿ. ಹೊಗ್ಯಾಗ ಇರಬಾರದು ಅಂತ ಮಾಯಿಗೆ ಡಾಕ್ಟರ್ ಹೇಳ್ಯಾರ. ಹೋದ ಥಂಡಿ ಪೂರಾ ದನದ ಕೊಟ್ಟಗ್ಯಾಗ ಮಲಗ್ಯಾಳ್ರಿ. ಒಳಗ ಹೊಗಿ, ಹೊರಗ ಥಂಡಿ. ಎಮ್ಮಿ ಮಗ್ಗಲಕ್ಕ ಬೆಚ್ಚಗ ಇರತೈತಿ ಅಂತ ಅಲ್ಲೇ ಹೋಗ್ತಾಳ. ಈ ಮನಿ ಗೋಡಿ ಆಕಿ ಕೈಯಿಂದ ಮೆತ್ತಿದ್ದು. ಆಕಿಗೇ ಒಳಗ ಜಾಗ ಇಲ್ಲಂದ್ರ ಹೆಂಗ್ರಿ? ನಾತಾಳ ಹಬ್ಬಕ್ಕ ಮಾಯಿ ಒಳಗ ಮಲಗಬೇಕು. ಅಷ್ಟ ಮಾಡಿ ಕೊಡ್ರಿ."

ನಾತಾಳ ಎಂದರೆ ಡಿಸೆಂಬರಿನ ಕ್ರಿಸ್ತ ಜಯಂತಿ. ಇನ್ನೂ ಎರಡು ತಿಂಗಳಿತ್ತು. "ಅಷ್ಟ್ ದಿನ ಯಾಕವ್ವಾ, ಹದಿನೈದು ದಿನ ಸಾಕು" ಎಂದೆ. ಮಾತು ಆಡಿದರೆ ಹೋಯಿತು ಎನ್ನುವುದು ನನಗೆ ಆಗ ನೆನಪಾಗಲಿಲ್ಲ.

ಹದಿನೈದು ದಿನದಲ್ಲಿ ಎಂಟು ಮನೆಗೆ ಎಂಟು ಒಲೆ ಕಟ್ಟಿದೆವು. ಒಂದಕ್ಕಿಂತ ಒಂದು ಚಂದ. ಗೌಂಡಿ ಮೇಲೆ ಸಿಮೆಂಟು ಸಾರಿಸಿ, ಕರಣಿಯಿಂದ ನುಣುಪು ಮಾಡಿ, ಹೆಂಗಸರು ಕೈಯಾಡಿಸಿ ನೋಡುವ ಹಾಗೆ ಮಾಡಿದ್ದ. ಕಟ್ಟಿಗೆಯನ್ನು ಹೇಗೆ ಸೀಳಬೇಕು, ಹೇಗೆ ಇಡಬೇಕು ಎಲ್ಲ ಹೇಳಿಕೊಟ್ಟು ಮುಂಡಗೋಡಿನ ಕಡೆಯ ಕೆಲಸಕ್ಕೆ ಹೋದೆ. ಮೂರು ವಾರ ಬಿಟ್ಟು ಪರೀಕ್ಷೆಗೆಂದು ತಕ್ಕಡಿ, ಥರ್ಮಾಮೀಟರ್ ಹಿಡಿದು ಬಂದೆ.

ಮೊದಲ ಒಲೆಯೊಳಗೆ ಕೋಳಿ ಕಾವಿಗೆ ಕೂತಿತ್ತು. ಎರಡನೆಯದರಲ್ಲಿ ಉಳ್ಳಾಗಡ್ಡಿ ತುಂಬಿದ್ದರು. ಮೂರನೆಯ ಮನೆಯಲ್ಲಿ ಜಾಲರಿಯನ್ನು ಕಿತ್ತು ಗೋಡೆಗೆ ಆನಿಸಿ ಅದರ ಮೇಲೆ ಮೀನು ಒಣಗಿಸುತ್ತಿದ್ದರು. ಎಲ್ಲರ ಮನೆಯಲ್ಲೂ ನನ್ನ ಒಲೆಯ ಪಕ್ಕದಲ್ಲೇ ಹಳೆಯ ಮೂರು ಕಲ್ಲು, ಅದರ ನಡುವೆ ಆಳುದ್ದದ ಕೊರಡುಗಳು, ಮನೆ ತುಂಬ ಹೊಗೆ. ಎಂಟು ಒಲೆಯಲ್ಲಿ ಕಾವು ಇದ್ದದ್ದು ಒಂದರಲ್ಲೇ, ಅದೂ ಕೋಳಿಯದು ಎಂದು ಗೌಂಡಿ ಹೇಳಿದಾಗ ಅವನ ಮೇಲೆ ಹರಿಹಾಯ್ದೆ. ಅಲ್ಲಿಗೂ ಸಿಟ್ಟು ಇಳಿಯಲಿಲ್ಲ. ಸೊಸೆಯ ಮನೆಗೆ ಹೋದೆ. ಆಕೆಯ ಒಲೆಯ ಕಟ್ಟಿಗೆ ಇಡುವ ಬಾಯಿಯನ್ನು ಒಡೆದು ದೊಡ್ಡದು ಮಾಡಿದ್ದರು.

"ನೀನ ಬೇಡಿ ಕಟ್ಟಿಸಿಕೊಂಡಿ. ನೀನ ಒಡದಿ! ನಾಕು ಕಟ್ಟಿಗಿ ಸೀಳಿ ಇಡಾಕ ಏನ್ ದಾಡಿ ಬಂದೈತಿ ನಿಮಗ?" ಎಂದು ಕೂಗಾಡಿದೆ.

ಆಕೆ ನಾನು ಕೂಗುವುದು ಮುಗಿಯಲಿ ಎಂದು ಕಾದಳು. ಮುಗಿದ ಮೇಲೆ ಕೇಳಿದಳು: "ಸೀಳಾಕ ಕೊಡಲಿ ಎಲ್ಲೈತ್ರಿ?"

ನನಗೆ ಅರ್ಥವಾಗಲಿಲ್ಲ. ಕಾಡಿನ ನಡುವೆ ಇರುವವರ ಮನೆಯಲ್ಲಿ ಕೊಡಲಿ ಇಲ್ಲವೆಂದರೆ?

"ತಾನಾಗಿ ಬಿದ್ದ ಒಣಾ ಕಟ್ಟಿಗಿ ತರಬಹುದ್ರಿ, ಕೈಯಾಗ ಕಬ್ಬಿಣ ಇರಬಾರದು. ಕೊಡಲಿ ಕಂಡ್ರ ಫಾರೆಸ್ಟ್ ಗಾರ್ಡ್ ತಗೊಂಡು ಹೋಗ್ತಾನ. ಅವನೂ ಕೆಟ್ಟಾಂವ ಅಲ್ರಿ, ಅವನ ನೌಕರಿ ಅದು. ಮನ್ಯಾಗ ಕೂತು ಸೀಳಿದ್ರೂ ಸಪ್ಪಳಾ ಕೇಳಿ ಬರ್ತಾನ, ಏನ್ ಕಡದ್ರಿ ಅಂತ ಕೇಳ್ತಾನ. ಅದಕ್ಕ ನಾವು ಬಿದ್ದದ್ದನ್ನ ಇದ್ದ ಹಂಗ ಎಳಕೊಂಡ ಬರ್ತೇವಿ. ತುದಿ ಒಲ್ಯಾಗ ಇಡ್ತೇವಿ. ಉರದಂಗ ಮುಂದ ನೂಕ್ತೇವಿ. ನಿಮ್ಮ ಒಲಿಗೆ ಗೇಣುದ್ದದ ಕಟ್ಟಿಗಿ ಬೇಕು. ಎಲ್ಲಿಂದ ತರೂಣ್ರಿ?"

ಆಕೆ ಬಗ್ಗಿ ಮೂರು ಕಲ್ಲಿನ ಒಲೆಯಿಂದ ಒಂದು ಕೊರಡನ್ನು ಒಂದು ಗೇಣು ಹಿಂದಕ್ಕೆ ಎಳೆದಳು. ಉರಿ ಇಳಿಯಿತು, ಅನ್ನದ ಗಡಿಗೆ ಸುಮ್ಮನಾಯಿತು. "ನಿಮ್ಮ ಡ್ಯಾಂಪರ್ ಕೊಳವಿಗೆ ಐತಿ, ನಮ್ಮದು ಕಟ್ಟಿಗ್ಯಾಗ ಐತಿ" ಎಂದಳು.

ಹೊರಗೆ ಬಂದು ಕೊಟ್ಟಿಗೆಯ ಕಡೆ ನೋಡಿದೆ. ಎಮ್ಮೆಯ ಪಕ್ಕದಲ್ಲಿ ಗೋಣಿಚೀಲ ಹಾಸಿ ಮಾಯಿ ಕೂತಿದ್ದಳು. ಥಂಡಿ ಆಗಲೇ ಶುರುವಾಗಿತ್ತು. ನಾನು ಕೊಟ್ಟ ಹದಿನೈದು ದಿನದ ಮಾತಿಗೆ ಒಂದು ತಿಂಗಳು ದಾಟಿತ್ತು.

ಮುಂದಿನ ಎರಡು ದಿನ ಬೇರೇನೂ ಮಾಡಲಿಲ್ಲ, ಸೊಸೆಯ ಮನೆಯ ಮೂಲೆಯಲ್ಲಿ ಕೂತು ಬರೀ ನೋಡಿದೆ. ಕಣ್ಣು ಉರಿಯಿತು, ಮೂಗು ಸೋರಿತು. ಬೆಳಿಗ್ಗೆ ಕೊರಡು ತೂಗುವುದು, ಅಡುಗೆ ಮುಗಿದಾಗ ತೂಗುವುದು, ಮರುದಿನ ಮುಂಜಾನೆ ಬಂದು ಉಳಿದ ತುಂಡನ್ನು ತೂಗುವುದು. ಕೊರಡಿನ ತುದಿಯ ಕೆಂಡ ತಕ್ಕಡಿಯ ಹಗ್ಗವನ್ನೇ ಸುಟ್ಟಿತು, ತಂತಿ ಕಟ್ಟಿಕೊಂಡೆ. ಲೆಕ್ಕ ಹಾಕಿ ನೋಡಿದರೆ ನನಗೇ ನಂಬಿಕೆಯಾಗಲಿಲ್ಲ. ಆ ಮನೆ ಉರಿಸುತ್ತಿದ್ದ ಕಟ್ಟಿಗೆಯಲ್ಲಿ ಅರ್ಧದಷ್ಟು ಗಡಿಗೆಗೇ ಹೋಗುತ್ತಿರಲಿಲ್ಲ. ಅಡುಗೆ ಮುಗಿದ ಮೇಲೆ ಕೊರಡುಗಳನ್ನು ಹಿಂದೆಳೆದು ಕೆಂಡವಾಗಿ ಬಿಡುತ್ತಿದ್ದರು. ಮಕ್ಕಳು, ದೊಡ್ಡವರು ಅದರ ಸುತ್ತ ಮಲಗುತ್ತಿದ್ದರು. ಒಲೆ ಅವರ ಪಾಲಿಗೆ ಅಡುಗೆಯ ಸಾಧನ ಎಷ್ಟೋ, ಹೊದಿಕೆಯೂ ಅಷ್ಟೇ. ನಾನು ಬೆಂಕಿಯನ್ನು ಮಣ್ಣಿನ ಪೆಟ್ಟಿಗೆಯಲ್ಲಿ ಮುಚ್ಚಿ, ಕಾವನ್ನು ಕೊಳವೆಯಲ್ಲಿ ಹೊರಗೆ ಕಳಿಸಿ, ಥಂಡಿಯನ್ನು ಮನೆಯೊಳಗೆ ಬಿಟ್ಟಿದ್ದೆ. ಕೋಳಿಗೆ ಅದು ಗೊತ್ತಾಗಿತ್ತು, ನನಗೆ ಗೊತ್ತಾಗಿರಲಿಲ್ಲ.

ಹಳಿಯಾಳಕ್ಕೆ ಹೋಗಿ ಸಾಹೇಬರ ಮುಂದೆ ನಿಂತೆ. ಎಂಟೂ ಒಲೆ ಕೆಡವುತ್ತೇನೆ, ಹೊಸದು ಕಟ್ಟುವುದನ್ನು ಸದ್ಯ ನಿಲ್ಲಿಸುತ್ತೇನೆ ಎಂದೆ.

"ಮಾರ್ಚ್ ಒಳಗ ಗುರಿ ಮುಟ್ಟಬೇಕು, ಗೊತ್ತೈತಿಲ್ಲೋ?" ಎಂದರು.

"ಗೊತ್ತೈತ್ರಿ. ಕೋಳಿಗೂಡು ಕಟ್ಟೂದು ಗುರಿ ಇದ್ರ ಈಗಾಗಲೇ ಮುಟ್ಟೇತಿ."

"ಏನ್ ಮಾಡಬೇಕಂತೀರಿ?"

"ಹೊಗಿ ಹೊರಗ ಹೋಗೂಕಿಂತ ಮೊದಲು ಅದರಾಗಿನ ಕಾವು ಇಳಿಸಿಕೋಬೇಕ್ರಿ. ಒಲಿ ಹಿಂದ ಒಂದ್ ಮಣ್ಣಿನ ಕಟ್ಟಿ ಕಟ್ತೇನಿ, ಮನಿಷಾ ಮಲಗೂವಷ್ಟು ಉದ್ದ. ಹೊಗಿ ಅದರ ಹೊಟ್ಟ್ಯಾಗಿಂದ ಹಾಯ್ದು ಆಮ್ಯಾಲೆ ಚಿಮಣಿಗೆ ಹೋಗತೈತಿ. ಕಟ್ಟಿ ಬೆಚ್ಚಗ ಆಗತೈತಿ."

"ನಿಮ್ಮನ್ನ ಒಲಿ ಕಟ್ಟಾಕ ಕರಸೇವಿ. ಮಲಗೂ ಕಟ್ಟಿ ಕಟ್ಟಾಕಲ್ಲ."

ಸಾಹೇಬರದೂ ತಪ್ಪಿಲ್ಲ, ಅವರಿಗೆ ಮೇಲಿನವರು ಇದ್ದರು. ಆದರೆ ಅವತ್ತು ನನ್ನ ಹಟ ಗೆದ್ದಿತು. ನಾತಾಳದ ತನಕ ಅವಕಾಶ ಕೊಡಿ, ಆಗದಿದ್ದರೆ ನಾನೇ ಬಿಟ್ಟು ಹೋಗುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿ, "ನಾತಾಳ ತನಕ, ಅಷ್ಟ" ಎಂದರು.

ಈ ಉಪಾಯ ನನ್ನದೇ ಎಂದು ಆಗ ಬೀಗಿದ್ದೆ. ಬಾಯ್ಲರ್ ಮನೆಯಲ್ಲಿ ಹೊಗೆಯನ್ನು ಹಾಗೇ ಆಕಾಶಕ್ಕೆ ಬಿಡುವುದಿಲ್ಲ. ದಾರಿಯಲ್ಲಿ ಸುತ್ತು ಬಳಸಿನ ಕೊಳವೆಗಳ ಸುತ್ತ ಹಾಯಿಸಿ, ಅದರ ಕಾವಿನಿಂದ ನೀರು ಬೆಚ್ಚಗೆ ಮಾಡಿಕೊಳ್ಳುತ್ತೇವೆ. ಅದನ್ನೇ ಇಲ್ಲಿ ಮಾಡಿದೆ. ಆರೂವರೆ ಅಡಿ ಉದ್ದದ ಕಟ್ಟೆ, ಅದರೊಳಗೆ ಹೊಗೆ ಮೂರು ಸಲ ಆಚೆ ಈಚೆ ಸುತ್ತಿ ಬರುವ ಹಾದಿ. ಗೌಂಡಿ ಮೇಲೆ ಸಿಮೆಂಟು ಹಾಕಿ ಕನ್ನಡಿಯಂತೆ ಮಾಡಿದ. ಒಲೆಯ ಬಾಯಿಯನ್ನು ಎರಡು ಕೊರಡು ಹಿಡಿಸುವಷ್ಟು ಅಗಲ ಮಾಡಿದೆ. ಹುಲ್ಲಿನ ಮಾಡಿಗೆ ಬೆಂಕಿ ತಾಗಬಾರದೆಂದು ಕೊಳವೆಯನ್ನು ಗೋಡೆಯಿಂದಲೇ ಹೊರಗೆ ತೆಗೆದು, ಸೂರಿನಿಂದ ದೂರ ಸರಿಸಿ ನೇರ ಮೇಲಕ್ಕೆ ನಿಲ್ಲಿಸಿದೆ. ಒಣಗಲು ಒಂದು ವಾರ ಬಿಟ್ಟೆವು. ಡಿಸೆಂಬರ್ ಬಂದಿತ್ತು.

ಒಲೆ ಹಚ್ಚುವ ದಿನ ಮಾಯಿಯನ್ನು ಕರೆತಂದು ಕಟ್ಟೆಯ ಮೇಲೆ ಕೂರಿಸಿದೆ. ನಾಲ್ಕು ಜನ ನೋಡಲಿ ಎಂಬ ಆಸೆ ನನಗೆ. ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಕೊರಡಿನ ತುದಿ ಹೊತ್ತಿಕೊಂಡಿತು. ಹೊಗೆ ಕಟ್ಟೆಯೊಳಗೆ ಹೋಯಿತು, ಯೋಚನೆ ಮಾಡಿತು, ತಿರುಗಿ ಬಂತು. ಒಲೆಯ ಬಾಯಿಯಿಂದ ಬುಸ್ಸೆಂದು ಹೊರಗೆ ಬಂದು ಮನೆಯೆಲ್ಲ ತುಂಬಿತು. ಅಷ್ಟರಲ್ಲಿ ಸಿಮೆಂಟು ಟಪ್ ಎಂದು ಬಿರಿದು, ಸರಿಯಾಗಿ ಮಾಯಿಯ ಪಕ್ಕದಲ್ಲೇ ಒಂದು ಸೀಳು ಬಿಟ್ಟು ಅಲ್ಲಿಂದಲೂ ಹೊಗೆ ಬರತೊಡಗಿತು. ಮಾಯಿಗೆ ಉಸಿರು ಕಟ್ಟಿತು. ಸೊಸೆ ಆಕೆಯನ್ನು ಎರಡೂ ಕೈಯಿಂದ ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಮಾಯಿಯ ತುಟಿ ನೀಲಿಯಾಗಿತ್ತು. ಬಹಳ ಹೊತ್ತಿನ ಮೇಲೆ ಉಸಿರು ಹದಕ್ಕೆ ಬಂತು.

ಸೊಸೆ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಕೊಟ್ಟಗಿನ ಚಲೋ ಇತ್ತು ಬಿಡ್ರಿ" ಎಂದಷ್ಟೇ ಹೇಳಿ, ಮಾಯಿಯನ್ನು ನಡೆಸಿಕೊಂಡು ಎಮ್ಮೆಯ ಹತ್ತಿರ ಹೋದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನನ್ನ ಕೆಲಸದಿಂದ ಒಬ್ಬರ ಜೀವ ಹೋಗುವುದರಲ್ಲಿತ್ತು. ಬಾಯ್ಲರ್ ಮನೆಯಲ್ಲಿ ಅಷ್ಟು ವರ್ಷ ಒಬ್ಬರಿಗೂ ಒಂದು ಬೊಬ್ಬೆ ಬರದ ಹಾಗೆ ನೋಡಿಕೊಂಡವನು ನಾನು.

ಬಸ್ಸಿನ ತಿರುವಿನ ತನಕ ನಾನೂ ಗೌಂಡಿಯೂ ನಡೆದೆವು. ಅಲ್ಲಿ ಕಲ್ಲಿನ ಮೇಲೆ ಕೂತಾಗ ಗೌಂಡಿ ಕೇಳಿದ.

"ಫೋರ್‌ಮನ್ ಸಾಬ್, ನಿಮ್ಮ ಬಾಯ್ಲರ್‌ದಾಗ ಹೊಗಿ ಹಿಂಗ ಹಾವಿನಂಗ ಸುತ್ತಿ ಸುತ್ತಿ ಹೋಗ್ತಿತ್ತೇನ್ರಿ?"

"ಹೂಂ, ಹೋಗ್ತಿತ್ತು."

"ತಾನಾಗೇ?"

"ತಾನಾಗೇ ಹೆಂಗ ಹೋಗತೈತಿ? ಎಳಿಯಾಕ ಫ್ಯಾನ್ ಇತ್ತಲ್ಲ, ಆನಿ ಗಾತ್ರದ್ದು" ಎಂದವನು ಅಲ್ಲಿಗೇ ನಿಲ್ಲಿಸಿದೆ.

ಗೌಂಡಿ ಬೀಡಿ ಹಚ್ಚಿದ. ಕರೆಂಟೇ ಇಲ್ಲದ ಹಳ್ಳಿಯಲ್ಲಿ ಫ್ಯಾನಿನ ಮೇಲೆ ನಡೆಯುವ ಹೊಗೆಹಾದಿ ಕಟ್ಟಿದ್ದೆ ನಾನು. ವರ್ಷಗಟ್ಟಲೆ ಫ್ಯಾನಿನ ಸದ್ದಿನಲ್ಲಿ ಇದ್ದವನಿಗೆ ಆ ಸದ್ದು ಇದೆಯೋ ಇಲ್ಲವೋ ಎಂಬುದೇ ಮರೆತುಹೋಗುತ್ತದೆ. ಬಸ್ಸು ಬಂತು. ಹತ್ತಲಿಲ್ಲ. "ನಡಿ, ಹೊಳ್ಳಿ ಹೋಗೂಣು" ಎಂದೆ.

ರಾತ್ರಿ ಹಳ್ಳಿಯಲ್ಲೇ ತಂಗಿ, ಮರುದಿನ ಸೊಸೆಯ ಮುಂದೆ ಹೋಗಿ ತಪ್ಪಾಯಿತು ಎಂದು ಹೇಳಿದೆ. ಇನ್ನೊಂದೇ ಸಲ ಕಟ್ಟುತ್ತೇನೆ, ಈ ಸಲ ನೀನು ಹೇಳಿದ ಹಾಗೆ ಎಂದೆ. ಆಕೆ ಒಡೆದ ಕಟ್ಟೆಯನ್ನು ಸುತ್ತು ಹಾಕಿ ನೋಡಿ, ಸಿಮೆಂಟಿನ ಒಂದು ಚೂರನ್ನು ಗೌಂಡಿಯ ಕೈಯಲ್ಲಿಟ್ಟಳು. "ಇದು ಮೊದಲ ಹೊರಗ ಒಗೀರಿ. ಮಣ್ಣು ಬಿಸಿಗೆ ಹಿಗ್ಗತೈತಿ. ಇದು ಹಿಗ್ಗೂದಿಲ್ಲ" ಎಂದಳು. ಗೌಂಡಿಯ ಮುಖ ನೋಡಬೇಕಿತ್ತು. ಆದರೆ ಚೂರನ್ನು ಎಸೆದ.

ಮಣ್ಣಿನ ಯಜಮಾನಿಕೆ ಆಕೆಯದಾಯಿತು. ಹುತ್ತದ ಮಣ್ಣು, ಕತ್ತರಿಸಿದ ಭತ್ತದ ಹುಲ್ಲು, ಸಗಣಿ ಕಲಸಿ ನೀರು ಹಾಕಿ ನಾಲ್ಕು ದಿನ ಕೊಳೆಯಲು ಬಿಟ್ಟಳು. ಹೊಗೆಯ ಹಾದಿ ನನ್ನ ಪಾಲು. ಈ ಸಲ ಸುತ್ತಿಲ್ಲ, ಬಳಸಿಲ್ಲ. ಒಲೆಯಿಂದ ಚಿಮಣಿಯ ತನಕ ಒಂದೇ ನೇರ ಹಾದಿ, ಅಡಿಗೆ ಅರ್ಧ ಇಂಚಿನಂತೆ ಏರು. ಏರು ಸರಿಯಿದೆಯೇ ಎಂದು ಅರ್ಧ ನೀರು ತುಂಬಿದ ಬಾಟಲಿಯನ್ನು ಅಡ್ಡ ಮಲಗಿಸಿ ಮಟ್ಟ ನೋಡಿದೆ. ಹಾದಿಯ ಮೇಲೆ ಹಳ್ಳದಿಂದ ತಂದ ಚಪ್ಪಟೆ ಕಲ್ಲು ಮುಚ್ಚಿದೆವು. ಅದರ ಮೇಲೆ ಆಕೆ ಮಣ್ಣು ಮೆತ್ತಿದಳು. ಅರ್ಧ ಒಣಗಿದಾಗ ಒದ್ದೆ ಮಾಡಿದ ನುಣುಪು ಕಲ್ಲಿನಿಂದ ಬಡಿಯತೊಡಗಿದಳು. ಬಿರುಕು ಕಂಡಲ್ಲಿ ಮತ್ತೆ ಬಡಿತ. ಮೂರು ದಿನ ಬೆಳಿಗ್ಗೆ ಸಂಜೆ ಬಡಿದಳು. ನಾನೂ ಒಂದು ಕಲ್ಲು ಹಿಡಿದು ಕೂತೆ. ಕೈ ನೋವು ಬಂತು, ಒಂದು ಕೂದಲೆಳೆಯಷ್ಟೂ ಸೀಳು ಉಳಿಯಲಿಲ್ಲ.

ಒಲೆಯ ಮುಂದೆ ಇಳಿಜಾರಾಗಿ ಒಂದು ಕಲ್ಲು ಹಾಸಿದೆ. ಕೊರಡು ಅದರ ಮೇಲೆ ಮಲಗಿ, ಕಾಲಿನಿಂದ ದೂಡಿದರೂ ಮುಂದೆ ಜಾರಬೇಕು. ಕೊರಡಿನ ಮೇಲೆ ಉಳಿಯುವ ಸಂದಿ ಮುಚ್ಚಲು ಹಳೆಯ ಸೀಮೆಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಪರದೆಯಂತೆ ಇಳಿಬಿಟ್ಟೆ. ಕೊನೆಗೆ ಜಾಲರಿ. ಅದು ಇದ್ದರೆ ಉದ್ದ ಕೊರಡು ಕೂರುವುದಿಲ್ಲ, ಬೂದಿಯಲ್ಲಿ ಕೆಂಡ ಉಳಿಯುವುದಿಲ್ಲ. ಜಾಲರಿ ಇಲ್ಲದ ಬೆಂಕಿ ಬಾಯ್ಲರ್‌ನವನಿಗೆ ಪಾಪವಿದ್ದ ಹಾಗೆ. ಮುಖ ಆಚೆ ತಿರುಗಿಸಿಕೊಂಡು, ಅದನ್ನು ತೆಗೆದು ಗೌಂಡಿಗೆ ಕೊಟ್ಟೆ.

ಇನ್ನೊಂದು ಭಯ ಉಳಿದಿತ್ತು. ಉದ್ದದ ಹಾದಿ ತಣ್ಣಗಿದ್ದಾಗ ಹೊಗೆಯನ್ನು ಎಳೆಯುವುದಿಲ್ಲ, ಫ್ಯಾನೂ ಇಲ್ಲ. ಎರಡು ದಿನ ತಲೆ ಕೆರೆದುಕೊಂಡೆ. ಆಗ ನೆನಪಾಯಿತು: ಮಳೆಗಾಲದಲ್ಲಿ ತಣ್ಣಗಾದ ಚಿಮಣಿಯನ್ನು ಎಬ್ಬಿಸಲು ನಾವು ಅದರ ಬುಡದಲ್ಲಿ ಎಣ್ಣೆ ಬಟ್ಟೆ ಸುಡುತ್ತಿದ್ದೆವು. ಕೊಳವೆಯ ಬುಡದಲ್ಲಿ ಒಂದು ಅಂಗೈಯಗಲದ ಕಿಂಡಿ ಬಿಟ್ಟೆ, ಅದಕ್ಕೆ ಮಣ್ಣಿನ ಮುಚ್ಚಳ. ಮೊದಲು ಅಲ್ಲಿ ಒಂದು ಹಿಡಿ ಒಣಹುಲ್ಲು ಉರಿಸಬೇಕು. ಚಿಮಣಿ ಬೆಚ್ಚಗಾಗಿ ಗಾಳಿ ಮೇಲಕ್ಕೆ ಎಳೆಯಲು ಶುರು ಮಾಡಿದ ಮೇಲೆ ಕಿಂಡಿ ಮುಚ್ಚಿ ಒಲೆ ಹಚ್ಚಬೇಕು. ಇದು ಮಾತ್ರ ಯಾರೂ ಹೇಳಿಕೊಟ್ಟದ್ದಲ್ಲ, ಅಪ್ಪಟ ನನ್ನದು. ಇವತ್ತಿಗೂ ಅದನ್ನು ಹೇಳುವಾಗ ನನ್ನ ದನಿ ಏರುತ್ತದೆ, ಏರಲಿ.

ನಾತಾಳಕ್ಕೆ ಎಂಟು ದಿನ ಇರುವಾಗ ಹಚ್ಚಿದೆವು. ಈ ಸಲ ಯಾರನ್ನೂ ಕರೆಯಲಿಲ್ಲ. ಸೊಸೆ ಕಿಂಡಿಯಲ್ಲಿ ಹುಲ್ಲು ಉರಿಸಿದಳು, ಮುಚ್ಚಳ ಹಾಕಿದಳು, ಕೊರಡಿನ ಕೆಳಗೆ ಕಿಡಿ ಇಟ್ಟಳು. ಉರಿ ಒಳಕ್ಕೆ ಬಾಗಿತು. ಬೆಂಕಿ ಒಳಗೆ ಬಾಗುವುದನ್ನು ನೋಡಿದರೆ ನನ್ನಂಥವನಿಗೆ ಊಟ ಬೇಡ. ಹೊರಗಿನಿಂದ ಗೌಂಡಿ ಕೂಗಿದ: "ಬಂತು ಸಾಬ್! ಚಿಮಣಿ ತುದ್ಯಾಗ ಬಂತು!" ಒಳಗೆ ಹೊಗೆ ಇರಲಿಲ್ಲ. ಗೋಡೆಯ ಮೇಲಿನ ಶಿಲುಬೆ ಸ್ಪಷ್ಟವಾಗಿ ಕಾಣುತ್ತಿತ್ತು. ಅನ್ನ ಬೇಯಿತು, ಸಾರು ಕುದಿಯಿತು. ಒಂದು ತಾಸಿನ ಮೇಲೆ ಕಟ್ಟೆಯ ಮೇಲೆ ಅಂಗೈ ಇಟ್ಟರೆ, ಬಿಸಿಲಿಗೆ ಕಾದ ಅಂಗಳದಷ್ಟು ಬೆಚ್ಚಗಿತ್ತು.

ಮಾಯಿ ಮಾತ್ರ ಬರಲಿಲ್ಲ. ಬಾಗಿಲ ಹತ್ತಿರ ನಿಂತು ನೋಡಿದಳು. "ನಾಳಿ ನೋಡೂಣು" ಎಂದಳು. ನಾಳೆಯೂ ಅದೇ ಮಾತು, ಮಾರನೆಯ ದಿನವೂ ಅದೇ. ಬೆಕ್ಕು ಒಮ್ಮೆ ಬಾಯಿ ಸುಟ್ಟುಕೊಂಡರೆ ಮಜ್ಜಿಗೆಗೂ ಹೆದರುತ್ತದೆ ಅಂತಾರಲ್ಲ. ಆಕೆಯನ್ನು ಸುಟ್ಟವನು ನಾನೇ. ಒತ್ತಾಯ ಮಾಡಲು ಬಾಯಿ ಬರಲಿಲ್ಲ. ಸೊಸೆಗೆ ತನ್ನದೇ ಇನ್ನೊಂದು ಚಿಂತೆ ಇತ್ತು. ಹೊಗೆ ಇಲ್ಲದಿದ್ದರೆ ಮಾಡಿನ ಹುಲ್ಲಿಗೆ ಹುಳ ಬೀಳುತ್ತದೆ, ಒಲೆಯ ಮೇಲೆ ತೂಗುಹಾಕಿದ ಬೀಜದ ತೆನೆಗೆ ನುಸಿ ಹಿಡಿಯುತ್ತದೆ. ಅದಕ್ಕೆ ಆಕೆಯೇ ದಾರಿ ಕಂಡುಕೊಂಡಳು: "ವಾರಕ್ಕೊಮ್ಮೆ ಎಲ್ಲಾರನೂ ಹೊರಗ ಕಳಿಸಿ, ಗಡಗಿ ತಗದು ಎರಡು ಬಾಯಿ ತೆರದಿಡ್ತೇನಿ. ಹುಲ್ಲು ಹೊಗಿ ಕುಡೀಲಿ, ಮಂದಿ ಕುಡಿಯೂದು ಬ್ಯಾಡ."

ನಾಲ್ಕನೆಯ ಮುಂಜಾನೆ ಮೊದಲ ಬಸ್ಸಿಗೆ ಬಂದೆ. ಮಂಜು ಎಷ್ಟಿತ್ತೆಂದರೆ ಮನೆ ಹುಡುಕಿಕೊಂಡು ಹೋಗಬೇಕು. ಮೊದಲು ಕೊಟ್ಟಿಗೆಗೆ ಹೋದೆ. ಎಮ್ಮೆ ಒಂದೇ ಇತ್ತು. ಗೋಣಿಚೀಲವೂ ಇರಲಿಲ್ಲ. ಅಷ್ಟರಲ್ಲಿ ಸೊಸೆ ಬಾಗಿಲಿಗೆ ಬಂದು, ತುಟಿಯ ಮೇಲೆ ಬೆರಳಿಟ್ಟು ಒಳಗೆ ನೋಡಲು ಸನ್ನೆ ಮಾಡಿದಳು. ಕಟ್ಟೆಯ ಮೇಲೆ ಗೋಣಿಚೀಲ ಹಾಸಿ, ಮೇಲೊಂದು ಕೌದಿ ಹೊದ್ದು, ಗೋಡೆಯ ಕಡೆ ಮುಖ ಮಾಡಿ ಮಾಯಿ ಮಲಗಿದ್ದಳು. ಉಸಿರಿನಲ್ಲಿ ಸಣ್ಣ ಸಿಳ್ಳೆ ಇತ್ತು, ದಮ್ಮು ಎಲ್ಲಿಗೆ ಹೋಗುತ್ತದೆ? ಆದರೆ ನಿದ್ದೆ ಗಾಢವಾಗಿತ್ತು. ನಾನು ಅಂಗಳಕ್ಕೆ ಬಂದು ಒಬ್ಬನೇ ನಿಂತೆ. ಕಣ್ಣಲ್ಲಿ ನೀರು ಬಂತು, ಈ ಸಲ ಹೊಗೆಯ ನೆಪವೂ ಇರಲಿಲ್ಲ. ಹೆಮ್ಮೆಯಾಯಿತು. ನನ್ನ ಕೈಕೆಲಸದ ಬಗ್ಗೆ ಅಷ್ಟು ಹೆಮ್ಮೆ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ನಾತಾಳದ ದಿನ ಸಿಹಿ ತಿಂಡಿ ತಿನ್ನಲು ಬಂದ ಹೆಂಗಸರೆಲ್ಲ ಕಟ್ಟೆ ಮುಟ್ಟಿ ನೋಡಿ ಹೋದರು. ಹೊಸ ವರ್ಷ ಬಂದು ಎರಡು ವಾರವಾಗುವಷ್ಟರಲ್ಲಿ ಐದು ಮನೆಯವರು ಹಳೆಯ ಒಲೆ ಕೆಡವಿ ಹೊಸದು ಕಟ್ಟಿದ್ದರು. ಎರಡು ಮನೆಗೆ ನನ್ನನ್ನು ಕರೆಯಲೂ ಇಲ್ಲ, ಸೊಸೆಯೇ ಹೋಗಿ ನಿಂತು ಮಾಡಿಸಿದ್ದಳು. ಒಬ್ಬಳು ಕಟ್ಟೆಯನ್ನು ಗಿಡ್ಡ ಮಾಡಿ, ಮಗುವಿನ ತೊಟ್ಟಿಲು ಇಡುವ ಜಾಗ ಮಾಡಿಕೊಂಡಿದ್ದಳು. ಹೊಗೆಯ ಹಾದಿಯ ಏರು ನೋಡೋಣ ಎಂದು ಬಾಟಲಿ ಇಟ್ಟೆ. ನನ್ನದಕ್ಕಿಂತ ಸರಿಯಾಗಿತ್ತು. ಸಲಹೆಗಾರನಿಗೆ ಕೆಲಸವಿಲ್ಲದೆ ಹೋಗುವುದು ಇಷ್ಟು ಸುಖ ಎಂದು ನನಗೆ ಗೊತ್ತಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಸಾಹೇಬರು ಪರೀಕ್ಷೆಗೆ ಬಂದರು. ಸ್ವೆಟರ್, ಮಫ್ಲರ್, ಕೈಯಲ್ಲಿ ಅಚ್ಚು ಹಾಕಿದ ಫಾರಂ, ಒಲೆಯ ನಕ್ಷೆ. ಜೀಪಿನಿಂದ ಇಳಿದು ಮಂಜಿನಲ್ಲಿ ನಡೆದು ಬಂದವರು ಅಂಗೈ ಉಜ್ಜಿಕೊಳ್ಳುತ್ತಿದ್ದರು. ಒಳಗೆ ಬಂದು ಒಲೆ ನೋಡಿದರು, ನಕ್ಷೆ ನೋಡಿದರು, ಮತ್ತೆ ಒಲೆ ನೋಡಿದರು.

"ಜಾಲರಿ ಎಲ್ಲಿ?"

"ತಗದೇವ್ರಿ."

"ಬಾಯಿ ಇಷ್ಟ್ ಅಗಲ ಯಾಕ? ಡ್ಯಾಂಪರ್?"

ಸೊಸೆ ಕೊರಡನ್ನು ಹಿಂದಕ್ಕೆಳೆದು ಉರಿ ಇಳಿಸಿ ತೋರಿಸಿದಳು. ಸಾಹೇಬರು ಹುಬ್ಬು ಗಂಟಿಕ್ಕಿದರು. "ಇದು ನಮ್ಮ ನಕ್ಷೆ ಒಲಿ ಅಲ್ಲ. ಇದನ್ನ ಒಲಿ ಅಂತ ಹೆಂಗ ಬರೀಲಿ?" ಎಂದು, ಬರೆಯಲು ಅನುಕೂಲವಾಗಲೆಂದು ಕಟ್ಟೆಯ ಮೇಲೆ ಕೂತರು. ಅಷ್ಟರಲ್ಲಿ ಮಂಜು ಸರಿದಿತ್ತು, ಮಾಯಿ ಬಿಸಿಲಿಗೆಂದು ಅಂಗಳದಲ್ಲಿದ್ದಳು.

ನಾನು ತಕ್ಕಡಿ ತೆಗೆದು ಬೆಳಗಿನ ಕೊರಡಿನ ತೂಕ, ಈಗಿನ ತೂಕ ತೋರಿಸಿದೆ. ಮೊದಲು ಅಡುಗೆಗೆ ಎಷ್ಟು, ಕಾಯಿಸಿಕೊಳ್ಳಲು ಎಷ್ಟು ಬೇಕಿತ್ತು, ಈಗ ಅದೇ ಕಟ್ಟಿಗೆ ಎರಡೂ ಕೆಲಸ ಹೇಗೆ ಮಾಡುತ್ತದೆ ಎಂದು ಹೇಳಿದೆ. ಸಾಹೇಬರು ಕೇಳುತ್ತಾ ಮಫ್ಲರ್ ಬಿಚ್ಚಿದರು. ಸ್ವಲ್ಪ ಹೊತ್ತಿಗೆ ಸ್ವೆಟರಿನ ಗುಂಡಿ ತೆಗೆದರು. ಸೊಸೆ ಚಹಾ ಕೊಟ್ಟಳು, ಕುಡಿದರು. ಬೆನ್ನನ್ನು ಗೋಡೆಗೆ ಆನಿಸಿದರು. ಬೇರೆ ಮನೆಗಳ ಒಲೆ ನೋಡೋಣ ಬನ್ನಿ ಎಂದ ಗೌಂಡಿಗೆ "ನೋಡೂಣಂತ" ಎಂದರು. ಏಳಲಿಲ್ಲ. ಪೆನ್ನಿನ ಮುಚ್ಚಳ ತೆಗೆದದ್ದು ತೆಗೆದ ಹಾಗೇ ಇತ್ತು, ಕಣ್ಣು ಅರ್ಧ ಮುಚ್ಚಿತ್ತು. ಗೌಂಡಿ ನನ್ನ ಕಡೆ ನೋಡಿ ಮುಖ ತಿರುಗಿಸಿಕೊಂಡ. ನಗು ತಡೆಯುವುದು ಅವನಿಗೆ ಕಷ್ಟವಾಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಮಾಯಿ ಬಂದು ನಿಂತಳು. ಮೋಡ ಬಂದು ಅಂಗಳದ ಬಿಸಿಲು ಹೋಗಿತ್ತು. ಕಂಬ ಹಿಡಿದು ಉಸಿರು ಎಳೆದುಕೊಂಡಳು. ಕಟ್ಟೆಯ ಮೇಲೆ ಕೂತವರನ್ನು ಮೇಲಿನಿಂದ ಕೆಳಗೆ ನೋಡಿದಳು. ಸೊಸೆ ಗಾಬರಿಯಾಗಿ, "ಮಾಯಿ, ಸಾಹೇಬ್ರು ಅವರು" ಎಂದಳು.

"ಇರಲಿ" ಎಂದಳು ಮಾಯಿ. ಕೌದಿಯನ್ನು ಭುಜದ ಮೇಲೆ ಸರಿಮಾಡಿಕೊಂಡು ಹತ್ತಿರ ಬಂದಳು. "ಏಳ್ರಿ ಸಾಹೇಬ್ರ. ಅದು ನನ್ನ ಜಾಗಾ."

ಸಾಹೇಬರು ಎದ್ದರು. ಮಾಯಿ ಕೂತು, ಕಾಲು ಮೇಲೆ ಎಳೆದುಕೊಂಡು, ಕೌದಿ ಹೊದ್ದಳು. ಸಾಹೇಬರು ಫಾರಂ ಅನ್ನು ಗೋಡೆಗೆ ಒತ್ತಿ ಹಿಡಿದು, ನಿಂತುಕೊಂಡೇ ‘ಒಲೆ’ ಎಂದು ಬರೆದರು.